ದೇಹದೊಳಗೆ ಇಡುವ ಲೋಹ ಎಷ್ಟು ಗಟ್ಟಿ ಇರಬೇಕು?

ನಿಮ್ಮ ಪ್ರಶ್ನೆ ಇದು: "ಹಾಸನದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೇನೆ. ಮೂಳೆಗೆ ಹಾಕುವ ಹೊಸ ಲೋಹಗಳ ಮೇಲೆ ಪ್ರಾಜೆಕ್ಟ್ ಮಾಡಬೇಕು. ಎಲ್ಲಕ್ಕಿಂತ ಗಟ್ಟಿ ಲೋಹ ಯಾವುದು ಅಂತ ಹುಡುಕಿ ಶುರು ಮಾಡಲಾ? ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಇದೆಲ್ಲ ಆಗುತ್ತಾ?"

ಲ್ಯಾಬಿನಲ್ಲಿ ಖಂಡಿತ ಆಗುತ್ತದೆ. ಆದರೆ "ಎಲ್ಲಕ್ಕಿಂತ ಗಟ್ಟಿ" ಅನ್ನುವ ಕಡೆಯಿಂದ ಶುರು ಮಾಡಬೇಡಿ. ನಾನೂ ಹಾಸನದಲ್ಲೇ ಮೆಕ್ಯಾನಿಕಲ್ ಓದಿದವನು. ಆಮೇಲೆ ಬೆಂಗಳೂರಿನಲ್ಲಿ ಇಂಪ್ಲಾಂಟ್ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೆ. ಮೊದಲು ನಾನೂ ನಿಮ್ಮ ಹಾಗೇ ಯೋಚಿಸುತ್ತಿದ್ದೆ. ಅದು ಬದಲಾಗಿದ್ದು ನಮ್ಮ ಚಿಕ್ಕಪ್ಪನ ಕಾಲಿನಿಂದ.

ಚಿಕ್ಕಪ್ಪನ ತೋಟ ಸಕಲೇಶಪುರದ ಕಡೆ. ಒಂದು ಫೆಬ್ರವರಿಯಲ್ಲಿ ಮೆಣಸು ಕುಯ್ಯುವಾಗ ಸಿಲ್ವರ್ ಮರಕ್ಕೆ ಒರಗಿಸಿದ್ದ ಏಣಿ ಜಾರಿತು. ತೊಡೆ ಮೂಳೆ ಮುರಿಯಿತು. ಸ್ಟೀಲ್ ಪ್ಲೇಟ್ ಇಟ್ಟು ಸ್ಕ್ರೂ ಹಾಕಿದರು. ಮೂರು ತಿಂಗಳು ಆ ಕಾಲಿನ ಮೇಲೆ ಭಾರ ಹಾಕಲೇಬೇಡಿ ಅಂತ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಆದರೆ ಕಾಫಿ ಹೂವಿನ ಸಮಯ, ತೋಟಕ್ಕೆ ನೀರು ಹಾಯಿಸಬೇಕು, ಮನೆಯಲ್ಲಿ ಬೇರೆ ಗಂಡಸರಿಲ್ಲ. ಆರನೇ ವಾರಕ್ಕೇ ಕೋಲು ಊರಿಕೊಂಡು ಹೊರಟರು. ನಾಲ್ಕನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಜಗಲಿಯ ಮೆಟ್ಟಿಲು ಇಳಿಯುವಾಗ ಟಕ್ ಅಂದಿತು. ಜಾರಿರಲಿಲ್ಲ, ಬಿದ್ದಿರಲಿಲ್ಲ. ಎಕ್ಸ್‌ರೇ ತೆಗೆಸಿದರೆ ಪ್ಲೇಟ್ ಎರಡು ತುಂಡಾಗಿತ್ತು.

ಮನೆಯವರೆಲ್ಲ ಕಳಪೆ ಪ್ಲೇಟು ಹಾಕಿದ್ದಾರೆ ಅಂತ ಸಿಟ್ಟಾದರು. ಎರಡನೇ ಸಲ ಆಪರೇಷನ್ ಮಾಡಿ ಮೂಳೆಯೊಳಗೆ ರಾಡ್ ಹಾಕಿದರು. ತೆಗೆದ ಪ್ಲೇಟನ್ನು ಶುದ್ಧ ಮಾಡಿ ಕೊಡಿ ಅಂತ ಕೇಳಿ ನಾನು ತಗೊಂಡು ಹೋದೆ.

ಲ್ಯಾಬಿನಲ್ಲಿ ಮೊದಲು ಅದರ ರಾಸಾಯನಿಕ ಪರೀಕ್ಷೆ ಆಯಿತು. ಮೂಳೆಯ ಪ್ಲೇಟಿಗೆ ಬಳಸುವ 316ಎಲ್ ಅನ್ನುವ ಸ್ಟೀಲ್, ಇರಬೇಕಾದಷ್ಟು ಕ್ರೋಮಿಯಂ, ನಿಕಲ್, ಮಾಲಿಬ್ಡಿನಂ ಎಲ್ಲ ಇತ್ತು. ಗಡಸುತನವೂ ಸರಿ ಇತ್ತು. ಆಮೇಲೆ ಮುರಿದ ಮುಖವನ್ನು ಲೆನ್ಸ್ ಕೆಳಗೆ ಇಟ್ಟೆ. ಖಾಲಿ ಬಿಟ್ಟಿದ್ದ ಒಂದು ಸ್ಕ್ರೂ ತೂತಿನ ಅಂಚಿನಿಂದ ಗೆರೆಗಳು ಹೊರಟಿದ್ದವು. ಕಪ್ಪೆಚಿಪ್ಪಿನ ಮೇಲೆ ಇರುತ್ತವಲ್ಲ, ಅಂಥ ಬಾಗಿದ ಗೆರೆಗಳು, ಒಂದರ ಹಿಂದೆ ಒಂದು. ಅಷ್ಟು ಭಾಗ ನಯವಾಗಿತ್ತು. ಇನ್ನೊಂದು ತುದಿಯಲ್ಲಿ ಸ್ವಲ್ಪ ಜಾಗ ಮಾತ್ರ ಒರಟೊರಟು. ಅಂದರೆ ಬಿರುಕು ವಾರಗಟ್ಟಲೆ ಕೂದಲೆಳೆಯಷ್ಟೇ ಬೆಳೆಯುತ್ತಾ ಬಂದಿದೆ. ಆ ಒರಟು ಭಾಗ ಮಾತ್ರ ಮೆಟ್ಟಿಲ ಮೇಲೆ ಒಂದೇ ಏಟಿಗೆ ಮುರಿದಿದ್ದು.

ತಂತಿಯನ್ನು ಆ ಕಡೆ ಈ ಕಡೆ ಬಾಗಿಸಿ ಮುರಿಯುತ್ತೇವಲ್ಲ, ಅದೇ ಕತೆ. ಒಂದು ಸಲ ಎಳೆದರೆ ಮುರಿಯುವ ಪ್ಲೇಟಲ್ಲ ಅದು. ಸಾವಿರಾರು ಹೆಜ್ಜೆಗೆ ಸಾವಿರಾರು ಸಲ ಬಾಗಿ ಮುರಿಯಿತು. ನಮ್ಮ ಪುಸ್ತಕದಲ್ಲಿ ಇದಕ್ಕೆ ಫಟೀಗ್ ಅನ್ನುತ್ತಾರೆ. ಮೂಳೆ ಕೂಡುವುದಕ್ಕೂ ಲೋಹ ದಣಿಯುವುದಕ್ಕೂ ಒಂದು ಪೈಪೋಟಿ ಇರುತ್ತದೆ. ಮೂಳೆ ಬೇಗ ಕೂಡಿದರೆ ಭಾರವನ್ನು ಅದೇ ಹೊರುತ್ತದೆ, ಪ್ಲೇಟ್ ಉಳಿಯುತ್ತದೆ. ತಡವಾದರೆ ಎಂಥ ಒಳ್ಳೆಯ ಪ್ಲೇಟೂ ಒಂದು ದಿನ ಸೋಲುತ್ತದೆ.

ಹಾಗಾಗಿ ಲೋಹ ಎಷ್ಟು ಗಟ್ಟಿ ಅಂತ ಕೇಳುವುದಕ್ಕಿಂತ, ಬಿಸಿ ಉಪ್ಪುನೀರಿನಂಥ ಜಾಗದಲ್ಲಿ ಲಕ್ಷಾಂತರ ಸಲ ಬಾಗಿದ ಮೇಲೆ, ಉಜ್ಜಿದ ಮೇಲೆ ಏನಾಗುತ್ತದೆ ಅಂತ ಕೇಳಿ. ಒಂದು ಕಾಲು ವರ್ಷಕ್ಕೆ ಸುಮಾರು 10 ಲಕ್ಷ ಹೆಜ್ಜೆ ಹಾಕುತ್ತದೆ ಅಂತ ಲೆಕ್ಕ ಹಿಡಿಯುತ್ತಾರೆ. ಸೊಂಟದ ಕೃತಕ ಕೀಲನ್ನು ಯಂತ್ರದಲ್ಲಿಟ್ಟು 50 ಲಕ್ಷ ಸಲ ತಿರುಗಿಸಿ ನೋಡುವುದು ಅದಕ್ಕೇ.

ಈ ಕೀಲು ಮೊದಲು ಸರಿಯಾಗಿ ಕೂತ ಕತೆ ನಿಮಗೆ ಗೊತ್ತಿರಬೇಕು. ಯಾಕಂದರೆ ಅದರಲ್ಲಿ ಅರ್ಧ ಪಾಲು ಮೆಕ್ಯಾನಿಕಲ್ ಕೆಲಸ. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಅನ್ನುವ ಮೂಳೆ ಡಾಕ್ಟರು 1950ರ ದಶಕದ ಕೊನೆಯಲ್ಲಿ ಸೊಂಟದ ಬಟ್ಟಲಿಗೆ ಟೆಫ್ಲಾನ್ ಹಾಕಲು ಶುರು ಮಾಡಿದರು. ಜಾರುವ ಗುಣ ಜಾಸ್ತಿ, ತುಂಬ ಒಳ್ಳೆಯದು ಅನ್ನಿಸಿತು. ಕೆಲವೇ ವರ್ಷದಲ್ಲಿ ಅದು ಸವೆದು ಹೋಯಿತು. ಸವೆದ ಪುಡಿಗೆ ಸುತ್ತಲಿನ ಮಾಂಸ ಕೆರಳಿತು. ನೂರಾರು ಜನರಿಗೆ ಹಾಕಿಯಾಗಿತ್ತು. ಆಗ ಒಬ್ಬ ವ್ಯಾಪಾರಿ, ಮಗ್ಗದ ಯಂತ್ರಗಳ ಗೇರಿಗೆ ಬಳಸುವ ಒಂದು ಪ್ಲಾಸ್ಟಿಕ್ ತಂದು ತೋರಿಸಿದ. ಬಹಳ ಉದ್ದ ಸರಪಳಿಯ ಪಾಲಿಥಿನ್ ಅದು. ಚಾರ್ನ್ಲಿ ಉಗುರಿನಲ್ಲಿ ಗೀರಿ ನೋಡಿ, ಇದು ಆಗಲ್ಲ ಅಂದರು. ಆದರೆ ಅವರ ವರ್ಕ್‌ಶಾಪಿನ ಹ್ಯಾರಿ ಕ್ರೇವನ್ ಬಿಡಲಿಲ್ಲ. ತಾವು ಮಾಡಿದ್ದ ಸವೆತದ ಯಂತ್ರಕ್ಕೆ ಅದನ್ನು ಹಾಕಿ ಓಡಿಸಿದರು. ಮೂರು ವಾರ ಓಡಿದ ಮೇಲೂ, ಟೆಫ್ಲಾನ್ ಒಂದು ದಿನದಲ್ಲಿ ಸವೆದಷ್ಟು ಅದು ಸವೆದಿರಲಿಲ್ಲ. 1962ರ ನವೆಂಬರಿನಿಂದ ರೋಗಿಗಳಿಗೆ ಹಾಕಿದರು. ಅದಕ್ಕೂ ಮೀರಿ ಎರಡೂ ಪ್ಲಾಸ್ಟಿಕ್ಕಿನ ಚೂರನ್ನು ಚಾರ್ನ್ಲಿ ತಮ್ಮ ತೊಡೆಯೊಳಗೇ ಇಟ್ಟು ನೋಡಿದರು. ಅದೇ ಜಾತಿಯ ಪ್ಲಾಸ್ಟಿಕ್ ಇವತ್ತಿಗೂ ಸೊಂಟ, ಮಂಡಿಯ ಕೀಲುಗಳಲ್ಲಿ ಇದೆ. ಅದನ್ನು ಉಳಿಸಿದ್ದು ಒಬ್ಬ ಟೆಕ್ನೀಷಿಯನ್ ಓಡಿಸಿದ ಯಂತ್ರ. ನನಗೆ ಈ ಕತೆ ನೆನೆದಾಗೆಲ್ಲ ಮನಸ್ಸು ತುಂಬಿ ಬರುತ್ತದೆ.

ನಮ್ಮ ದೇಶದ್ದೇ ಒಂದಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಅವರ ಜೊತೆಯ ಇಂಜಿನಿಯರುಗಳು ಹೃದಯದ ಕವಾಟ ಮಾಡಲು ಹೊರಟರು. ವಿದೇಶದ್ದು ನಮ್ಮ ಜನರ ಕೈಗೆ ಎಟುಕುತ್ತಿರಲಿಲ್ಲ. ಮೂರು ಮಾದರಿ ಸೋತವು. ಕವಾಟದೊಳಗೆ ತೆರೆದು ಮುಚ್ಚುವ ಬಿಲ್ಲೆಗೆ ನೀಲಮಣಿ ಜಾತಿಯ ಹರಳನ್ನೂ ಬಳಸಿ ನೋಡಿದರು. ಗಡಸುತನದಲ್ಲಿ ಅದಕ್ಕಿಂತ ಮೇಲೆ ವಜ್ರ, ಅಷ್ಟು ಗಟ್ಟಿ. ಒಂದು ಮಾದರಿಯಲ್ಲಿ ಅದು ಟೈಟೇನಿಯಂ ಚೌಕಟ್ಟನ್ನೇ ಸವೆಸಿತು. ಇನ್ನೊಂದರಲ್ಲಿ ಬಿಲ್ಲೆಯೇ ಒಡೆಯಿತು. ನಾಲ್ಕನೆಯದರಲ್ಲಿ ಕೋಬಾಲ್ಟ್-ಕ್ರೋಮಿಯಂ ಚೌಕಟ್ಟಿನೊಳಗೆ ಚಾರ್ನ್ಲಿ ಬಳಸಿದ ಜಾತಿಯದೇ ಪ್ಲಾಸ್ಟಿಕ್ಕಿನ ಬಿಲ್ಲೆ ಕೂರಿಸಿದರು. 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಸಲ ಮನುಷ್ಯರಿಗೆ ಹಾಕಿದರು. ನಿಮಿಷಕ್ಕೆ 70 ಸಲ ಅಂದರೂ ಕವಾಟ ವರ್ಷಕ್ಕೆ 3.6 ಕೋಟಿಗೂ ಜಾಸ್ತಿ ಸಲ ತೆರೆದು ಮುಚ್ಚುತ್ತದೆ. ಇಂಥ ಕವಾಟಗಳನ್ನು ಯಂತ್ರದಲ್ಲಿ 40 ಕೋಟಿ ಸಲ ಬಡಿಸಿ ನೋಡಬೇಕು ಅನ್ನುವುದು ಈಗಿನ ನಿಯಮ. ಹರಳು ಸೋತ ಜಾಗದಲ್ಲಿ ಪ್ಲಾಸ್ಟಿಕ್ ಗೆದ್ದಿತು, ನೋಡಿ.

ಇನ್ನು ಮೂಳೆಗೆ ಬರುತ್ತೇನೆ. ಇಲ್ಲಿ ಬಾಗದೆ ಇರುವುದೂ ಒಂದು ತೊಂದರೆ. ಈ ಬಿಗಿತವನ್ನು ಗಿಗಾಪ್ಯಾಸ್ಕಲ್ ಅನ್ನುವ ಮಾನದಲ್ಲಿ ಅಳೆದರೆ ಗಟ್ಟಿ ಮೂಳೆಗೆ ಸುಮಾರು 15ರಿಂದ 20. ಟೈಟೇನಿಯಂ ಮಿಶ್ರಲೋಹಕ್ಕೆ 110, ಸ್ಟೀಲಿಗೆ 200ರ ಹತ್ತಿರ. ಪಕ್ಕದಲ್ಲಿ ಇಷ್ಟು ಬಿಗಿಯಾದ ಲೋಹ ಇದ್ದರೆ ಭಾರವೆಲ್ಲ ಅದೇ ಹೊರುತ್ತದೆ. ಮೂಳೆಗೆ ಕೆಲಸ ಇಲ್ಲದೆ ಅದು ತೆಳುವಾಗುತ್ತದೆ. ನಮ್ಮ ಕಡೆ ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಗಿಡಕ್ಕೆ ಬಿಗಿಯಾಗಿ ಕೋಲು ಕಟ್ಟಿ ಬಿಚ್ಚುವುದು ಮರೆತರೆ ಕಾಂಡ ಬಲಿಯುವುದಿಲ್ಲ, ಗಾಳಿಗೆ ತೂಗಿದರೇ ಅದು ದಪ್ಪ ಆಗುವುದು. ಮೂಳೆಯೂ ಹಾಗೇ.

ಅದಕ್ಕೇ ಈಗ 3ಡಿ ಪ್ರಿಂಟಿಂಗ್‌ನಲ್ಲಿ ಜಾಲರಿಯಂಥ ಟೈಟೇನಿಯಂ ಮಾಡುತ್ತಾರೆ. ಬಿಗಿತ ಇಳಿಯುತ್ತದೆ, ತೂತುಗಳೊಳಗೆ ಮೂಳೆ ಬೆಳೆದು ಹಿಡಿದುಕೊಳ್ಳುತ್ತದೆ. ಟೈಟೇನಿಯಂ ಮೂಳೆಗೆ ಅಂಟಿಕೊಳ್ಳುತ್ತದೆ ಅಂತ ಸ್ವೀಡನ್ನಿನ ಬ್ರೊನೆಮಾರ್ಕ್ 1950ರ ದಶಕದಲ್ಲಿ ಮೊಲಗಳಲ್ಲಿ ಕಂಡರು, 1965ರಲ್ಲಿ ಮೊದಲ ರೋಗಿಗೆ ಹಲ್ಲಿನ ಬೇರಾಗಿ ಹಾಕಿದರು. ಆದರೆ ಜಾಲರಿಯ ಒಂದೊಂದು ತೂತೂ ಬಿರುಕು ಹುಟ್ಟುವ ಜಾಗವೇ. ಚಿಕ್ಕಪ್ಪನ ಪ್ಲೇಟಿನ ಖಾಲಿ ತೂತು ನೆನಪಿಡಿ. ಪ್ರಿಂಟರ್ ಇಲ್ಲದೆ, ಫಟೀಗ್ ಯಂತ್ರ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಸುಮ್ನೆ ಕಂಪ್ಯೂಟರಿನಲ್ಲಿ ಬಣ್ಣದ ಚಿತ್ರ ತೆಗೆದು ಮುಗಿಸುವ ಹಾಗಾಗುತ್ತದೆ.

ನಿಮ್ಮ ಲ್ಯಾಬಿಗೆ ನಾನು ಹೇಳುವುದು ಮೆಗ್ನೀಷಿಯಂ. ಬಿಗಿತ ಸುಮಾರು 45, ಮೂಳೆಗೆ ಹತ್ತಿರ. ದೇಹದೊಳಗೆ ತಾನಾಗಿ ಕರಗುತ್ತದೆ, ತೆಗೆಯಲು ಎರಡನೇ ಆಪರೇಷನ್ ಬೇಡ. ಯುರೋಪಿನಲ್ಲಿ 2013ರಲ್ಲೇ ಇದರ ಸ್ಕ್ರೂಗೆ ಅನುಮತಿ ಸಿಕ್ಕಿದೆ. ಸಮಸ್ಯೆ ಏನಂದರೆ ಮೂಳೆ ಕೂಡುವ ಮೊದಲೇ ಕರಗಿದರೆ ಕಷ್ಟ. ಜೊತೆಗೆ ಕರಗುವಾಗ ಹೈಡ್ರೋಜನ್ ಗ್ಯಾಸ್ ಬರುತ್ತದೆ, ಬೇಗ ಬಂದರೆ ಚರ್ಮದಡಿ ಗುಳ್ಳೆ ಕಟ್ಟುತ್ತದೆ. ಆದರೆ ಆ ಗ್ಯಾಸೇ ನಿಮಗೆ ಅಳತೆಗೋಲು. ಬೀಕರಿನಲ್ಲಿ ಸ್ಯಾಂಪಲ್ ಇಡಿ, ಮೇಲೆ ಗಾಜಿನ ಫನಲ್ ಬೋರಲು ಹಾಕಿ. ಅದರ ಮೇಲೆ ನೀರು ತುಂಬಿದ ಬ್ಯೂರೆಟ್, ಅಂದರೆ ಅಳತೆಯ ಗೆರೆಗಳಿರುವ ಗಾಜಿನ ಕೊಳವೆ, ತಲೆಕೆಳಗಾಗಿ ನಿಲ್ಲಿಸಿ. ಗುಳ್ಳೆಗಳು ಮೇಲೇರಿ ನೀರನ್ನು ಕೆಳಗೆ ತಳ್ಳುತ್ತವೆ. ಒಂದು ಮಿಲಿಲೀಟರ್ ಗ್ಯಾಸ್ ಅಂದರೆ ಸುಮಾರು ಒಂದು ಮಿಲಿಗ್ರಾಂ ಮೆಗ್ನೀಷಿಯಂ ಕರಗಿದೆ ಅಂತ ಲೆಕ್ಕ. ಇಷ್ಟು ಅಗ್ಗದ, ಇಷ್ಟು ನೇರವಾದ ಪರೀಕ್ಷೆ ನಮ್ಮ ಕೆಲಸದಲ್ಲಿ ಅಪರೂಪ.

ಇದರಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಬರೀ ಉಪ್ಪುನೀರು ಬಳಸುತ್ತಾರೆ, ಅದೂ ಸ್ವಲ್ಪವೇ. ಮೆಗ್ನೀಷಿಯಂ ಕರಗಿದಂತೆ ನೀರು ಕ್ಷಾರವಾಗುತ್ತದೆ, ಆಗ ಕರಗುವುದು ತಾನಾಗಿ ನಿಧಾನವಾಗುತ್ತದೆ. ಕರಗುವುದನ್ನು ತಡೆಯಲು ಲೇಪನ ಹಚ್ಚಿ ನೋಡಿದವರು ತಮ್ಮ ಲೇಪನವೇ ಅದ್ಭುತ ಅಂದುಕೊಳ್ಳುತ್ತಾರೆ. ದೇಹದಲ್ಲಿ ರಕ್ತ ಹರಿಯುತ್ತಿರುತ್ತದೆ, ಹಾಗಾಗುವುದಿಲ್ಲ. ಆದ್ದರಿಂದ ರಕ್ತದ ಲವಣಗಳಿಗೆ ಹೊಂದುವ ದ್ರಾವಣವನ್ನು ಕೆಮಿಸ್ಟ್ರಿ ವಿಭಾಗದವರ ಜೊತೆ ಕೂತು ಮಾಡಿಸಿ. ಲವಣಗಳನ್ನು ಸರಿಯಾದ ಕ್ರಮದಲ್ಲಿ ಹಾಕದಿದ್ದರೆ ಅದು ಮಬ್ಬಾಗುತ್ತದೆ. ಪಿಎಚ್ 7.4, ಉಷ್ಣತೆ 37 ಡಿಗ್ರಿ ಇರಲಿ. ಸ್ಯಾಂಪಲ್ಲಿನ ಒಂದು ಚದರ ಸೆಂಟಿಮೀಟರಿಗೆ 20 ಮಿಲಿಲೀಟರಿಗಿಂತ ಕಡಿಮೆ ಬೇಡ. ದಿನಾ ಬದಲಾಯಿಸಿ, ಪಿಎಚ್ ಬರೆದಿಡಿ. ಎಲ್ಲ ಸ್ಯಾಂಪಲ್ಲಿಗೂ ಒಂದೇ ನಂಬರಿನ ಎಮರಿ ಪೇಪರ್ ಉಜ್ಜಿ. ಪ್ರತಿಯೊಂದನ್ನೂ ಮೂರು ಮೂರು ಇಡಿ. ಎಝಡ್31 ಅನ್ನುವ ಮೆಗ್ನೀಷಿಯಂ ಮಿಶ್ರಲೋಹದ ಕಡ್ಡಿ ಕಲಿಯಲು ಸಾಕು. ಅದರಲ್ಲಿ ಅಲ್ಯೂಮಿನಿಯಂ ಇದೆ, ಹಾಗಾಗಿ ದೇಹಕ್ಕೆ ಸರಿ ಅಂತ ಮಾತ್ರ ವರದಿಯಲ್ಲಿ ಬರೆಯಬೇಡಿ.

ಎರಡು ವಾರಕ್ಕೊಮ್ಮೆ ಸ್ಯಾಂಪಲ್ ತೆಗೆದು ಬಾಗಿಸಿ ನೋಡಿ. ತೂಕ ಸ್ವಲ್ಪವೇ ಇಳಿದಿದ್ದರೂ, ಒಂದೇ ಜಾಗದಲ್ಲಿ ಗುಂಡಿ ಬಿದ್ದಿದ್ದರೆ ಬಲ ಎಷ್ಟೋ ಕಮ್ಮಿ ಆಗಿರುತ್ತದೆ. ಆ ಎರಡು ಅಂಕಿಯನ್ನು ಪಕ್ಕ ಪಕ್ಕ ಇಟ್ಟರೆ ನಿಮ್ಮ ಪ್ರಾಜೆಕ್ಟಿಗೆ ಜೀವ ಬರುತ್ತದೆ.

ಚಿಕ್ಕಪ್ಪ ಈಗ ಚೆನ್ನಾಗಿ ನಡೆಯುತ್ತಾರೆ, ಏಣಿ ಮಾತ್ರ ಹತ್ತುವುದಿಲ್ಲ. ಅವರ ಪ್ಲೇಟಿನ ಎರಡು ತುಂಡೂ ನನ್ನ ಹತ್ತಿರ ಇವೆ. ನಾನೀಗ ಹಾಸನದಲ್ಲೇ ಇದ್ದೇನೆ. ಆ ಗೆರೆಗಳನ್ನು ಕಣ್ಣಾರೆ ನೋಡಬೇಕು ಅನ್ನಿಸಿದರೆ ಇಲ್ಲೇ ಮೆಸೇಜ್ ಹಾಕಿ, ಕಾಲೇಜಿಗೇ ತಂದು ತೋರಿಸುತ್ತೇನೆ.