ಮಗನ ಮುಂಗೈ ಎಲುಬು ಮುರಿದಿದೆ, ಅರ್ಧ ಪಟ್ಟಿ ಹಾಕಿ ಕಳಿಸಿದ್ದಾರೆ. ಬಿಚ್ಚಿಸಿ ದಬ್ಬೆ ಕಟ್ಟಿಸಬಹುದಾ?

ದಯವಿಟ್ಟು ಬಿಚ್ಚಿಸಬೇಡಿ. 8 ವರ್ಷದ ಹುಡುಗ, ನಿನ್ನೆ ಬಿದ್ದಿದ್ದು, ಮನೆಯ ಹಿರಿಯರು ಊರಿಗೆ ಕರ್ಕೊಂಡು ಹೋಗೋಣ ಅಂತಿದ್ದಾರೆ ಅಂದಿರಿ. ಅದಕ್ಕೇ ಕೂಡಲೇ ಬರೀತಿದ್ದೇನೆ.

ನಾನು ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಪ್ಲಾಸ್ಟರ್ ಹಾಕುವ ಕೆಲಸ ಮಾಡುತ್ತೇನೆ. 'ಪೂರ್ತಿ ಹಾಕಿಲ್ಲ, ಕಾಟಾಚಾರಕ್ಕೆ ಮಾಡಿದ್ದಾರೆ' ಅನ್ನೋ ಮಾತು ನಮಗೆ ಹೊಸದಲ್ಲ. ಆದರೆ ಆ ಅರ್ಧ ಪಟ್ಟಿಯನ್ನು, ಅಂದರೆ ಸ್ಲ್ಯಾಬನ್ನು, ಬೇಕಂತಲೇ ಹಾಗೆ ಹಾಕಿರುತ್ತಾರೆ. ಮೊದಲ 2-3 ದಿನ ಕೈ ಬಾಯುತ್ತಲೇ ಹೋಗುತ್ತದೆ. ಒಂದು ಬದಿಗೆ ಬರೀ ಬಟ್ಟೆ ಇದ್ದರೆ ಬಾತ ಕೈಗೆ ಜಾಗ ಸಿಗುತ್ತದೆ. ಬಾವು ಇಳಿದ ಮೇಲೆ ಬೇಕಿದ್ದರೆ ಸುತ್ತಲೂ ಹಾಕುತ್ತಾರೆ.

ದಬ್ಬೆ ಅಂದರೆ ನನಗೆ ತಾತ್ಸಾರ ಇಲ್ಲ. ಬಿದಿರು, ಮರದ ತೊಗಟೆ ಇಟ್ಟು ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲೇ ಇದೆ. ಸಡಿಲ ಕಟ್ಟಿದರೆ ನಿಲ್ಲೋದಿಲ್ಲ, ಬಿಗಿ ಕಟ್ಟಿದರೆ ಬಾವು, ನೋವು, ಕೀವು ಅಂತ ಅಲ್ಲೇ ಎಚ್ಚರಿಕೆಯೂ ಇದೆ. ಭಯ ಇರೋದು ಆ ಬಿಗಿಯದ್ದೇ. ಬಾವು ಏರುವಾಗ ಸುತ್ತಲೂ ಬಿಗಿದರೆ ಒಳಗೆ ರಕ್ತ ಓಡೋದಿಲ್ಲ. ಕೆಲವೇ ಗಂಟೆಗಳಲ್ಲಿ ಮಾಂಸಖಂಡ ಸಾಯತೊಡಗುತ್ತದೆ. ಹಾಗಾದ ಮಕ್ಕಳ ಕೈ ನೋಡಿದ್ದೇನೆ: ಎಲುಬು ಚೆನ್ನಾಗಿ ಕೂಡಿದೆ, ಬೆರಳು ಮಾತ್ರ ಒಳಗೆ ಮುದುಡಿ ಹಾಗೇ ಉಳಿದಿವೆ. ಪೆನ್ಸಿಲ್ ಹಿಡಿಯೋಕೆ ಬರೋದಿಲ್ಲ.

ಹಾಗಾಗಿ ಇವತ್ತು ರಾತ್ರಿ ಎದ್ದೆದ್ದು ಬೆರಳು ನೋಡಿ. ಉಗುರು ಒತ್ತಿ ಬಿಡಿ. ಬಿಳಿಚಿದ್ದು 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಬೆರಳು ತಣ್ಣಗಿದ್ದರೆ, ಬಿಳುಪೋ ನೀಲಿಯೋ ಆದರೆ, ಜೋಮು ಹಿಡಿದರೆ, ಅಥವಾ ಮೆಲ್ಲಗೆ ಬೆರಳು ಬಿಡಿಸಿದರೂ ಅವನು ಕಿರುಚಿದರೆ, ಬೆಳಗಾಗಲಿ ಅಂತ ಕಾಯಬೇಡಿ. ಉಗುರಿನ ಬಣ್ಣ ಸರಿಯಿದ್ದೂ ಮಾತ್ರೆಗೆ ಜಗ್ಗದೆ ನೋವು ಏರುತ್ತಿದ್ದರೂ ಅಷ್ಟೇ, ತಕ್ಷಣ ಆಸ್ಪತ್ರೆಗೆ ಹೊರಡಿ. ಪಟ್ಟಿ ಸಡಿಲ ಮಾಡಿಸಬೇಕಾಗುತ್ತದೆ.

ಕೈಯನ್ನು ದಿಂಬಿನ ಮೇಲೆ, ಎದೆಗಿಂತ ಎತ್ತರಕ್ಕೆ ಇಡಿ. ಬೆರಳು ಆಡಿಸ್ತಾ ಇರಲಿ. ಎಣ್ಣೆ ಹಚ್ಚಿ ನೀವೋದು ಬೇಡವೇ ಬೇಡ.

ಈ ವಯಸ್ಸಿಗೆ ಮುಂಗೈ ಸಾಮಾನ್ಯವಾಗಿ 4ರಿಂದ 6 ವಾರದಲ್ಲಿ ಕೂಡುತ್ತದೆ. ವಾರ ಬಿಟ್ಟು ಬನ್ನಿ ಅಂದಿದ್ದಾರಲ್ವಾ, ಆ ದಿನ ತಪ್ಪಿಸಬೇಡಿ. ಪಟ್ಟಿಯೊಳಗೇ ಎಲುಬು ಜರುಗಿರಬಹುದು, ಎಕ್ಸ್‌ರೇ ತೆಗೆದರೇ ಗೊತ್ತಾಗೋದು. ಆಗಿನ್ನೂ ಕೂಡಿದ ಜಾಗ ಮೆತ್ತಗಿರುತ್ತದೆ, ಸರಿಯಾಗಿ ಕೂರಿಸೋದು ಸುಲಭ.