ಇಂಗ್ಲಿಷರ ಗುರುತು ಯಾವುದು ಎಂಬುದರಲ್ಲಿ ಅವರಿಗೇ ಏಕೆ ಒಮ್ಮತವಿಲ್ಲ?

ಬಹುಕಾಲ ಅವರು ‘ಇಂಗ್ಲಿಷ್’, ‘ಬ್ರಿಟಿಷ್’ ಎರಡೂ ಒಂದೇ ಎಂದುಕೊಂಡಿದ್ದರು, ಅದಕ್ಕೇ. ಬ್ರಿಟನ್ನಿನ ಉಳಿದ ನಾಡುಗಳಾದ ಸ್ಕಾಟ್ಲೆಂಡ್, ವೇಲ್ಸ್‌ಗಳಿಗೆ 1999ರಿಂದ ತಮ್ಮದೇ ಶಾಸನಸಭೆಗಳಿವೆ. ಇಂಗ್ಲೆಂಡಿಗೆ ಇಂದಿಗೂ ಪ್ರತ್ಯೇಕ ಸಂಸತ್ತಿಲ್ಲ, ಅಧಿಕೃತ ನಾಡಗೀತೆಯೂ ಇಲ್ಲ. ಹಾಗಾಗಿ ಅದು ಬೇರೆ ನಾಡಾಗಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಆಟದ ಮೈದಾನದಲ್ಲೇ. 1966ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನ ಚಿತ್ರಗಳನ್ನು ನೋಡಿ: ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದ ಪ್ರೇಕ್ಷಕರ ಕೈಯಲ್ಲಿರುವುದು ಬ್ರಿಟನ್ನಿನ ಬಾವುಟ ಯೂನಿಯನ್ ಜ್ಯಾಕ್. 1996ರ ಯೂರೋ ಕಪ್ ಹೊತ್ತಿಗೆ ಅಲ್ಲೇ ಎಲ್ಲೆಲ್ಲೂ ಬಿಳಿ ಬಟ್ಟೆಯ ಮೇಲಿನ ಕೆಂಪು ಶಿಲುಬೆ, ಅಂದರೆ ಇಂಗ್ಲೆಂಡಿನದೇ ಆದ, ಸಂತ ಜಾರ್ಜ್‌ನ ಹೆಸರಿನ ಬಾವುಟ. ಜನಾಂಗದ್ವೇಷಿ ಗುಂಪುಗಳೂ ಅದನ್ನೇ ಹಿಡಿದಿದ್ದರಿಂದ ಕೆಲವರಿಗೆ ಅಳುಕು. ಹೀಗೆ ಅಳುಕುವವರು ತಮ್ಮ ಗುರುತು ಬಾವುಟವಲ್ಲ, ಚಹಾ, ಹಳ್ಳಿಯ ಪಬ್ ಎನ್ನುತ್ತಾರೆ. ಬಾವುಟವನ್ನು ಜನಾಂಗದ್ವೇಷಿಗಳಿಗೆ ಬಿಟ್ಟುಕೊಡಬಾರದು ಎನ್ನುವವರ ಮಾತೇ ನನಗೆ ಸರಿ ಕಾಣುತ್ತದೆ.