ಒಣ ಬಯಲಲ್ಲಿ ಬಿಟ್ಟ ಕತ್ತೆಗಳು ಏನು ತಿಂದು ಬದುಕುತ್ತವೆ?

ಯಾರೂ ಮೇವು ಹಾಕದ ಕತ್ತೆಗಳು ಒಣ ಬಯಲಲ್ಲಿ ಹೇಗೆ ಬದುಕುತ್ತವೆ, ಸಿಕ್ಕಿದ್ದೆಲ್ಲ ತಿನ್ನುತ್ತವಾ ಅಂತ ಕೇಳಿದ್ದೀರಿ. ನಾನು ಚಳ್ಳಕೆರೆ ಕಡೆಯವನು, ಬೇಸಿಗೆಯಲ್ಲಿ ಕಾವಲು (ದನ ಮೇಯೋ ಬಯಲು) ಹೇಗಿರುತ್ತೆ ಅಂತ ಚೆನ್ನಾಗಿ ಗೊತ್ತು. ಸಿಕ್ಕಿದ್ದೆಲ್ಲ ತಿನ್ನುತ್ತೆ ಅನ್ನೋದು ಅರ್ಧ ನಿಜ ಅಷ್ಟೇ. ಮಳೆ ಬಿದ್ದು ಗರಿಕೆ ಚಿಗುರಿದರೆ ಕತ್ತೆಗೆ ಹುಲ್ಲೇ ಬೇಕು. ನೆಲ ಒಣಗಿದ ಮೇಲೆ ಕುರುಚಲು ಗಿಡದ ಎಲೆ, ಜಾಲಿಕಾಯಿ, ಅದೂ ಇಲ್ಲದಿದ್ದರೆ ತೊಗಟೆ.

ಬಳ್ಳಾರಿ ಜಾಲಿ ಕೆಳಗೆ ಕತ್ತೆ ಮೇಯೋದನ್ನ ಹತ್ತಿರದಿಂದ ನೋಡಿ. ಮೇಲ್ತುಟಿಯನ್ನು ಬೆರಳಿನ ಹಾಗೆ ಆಡಿಸುತ್ತಾ, ಮುಳ್ಳು ಬಿಟ್ಟು ಹಳದಿ ಕಾಯಿಯನ್ನಷ್ಟೇ ಎತ್ತಿಕೊಳ್ಳುತ್ತದೆ. ತಿರುಳು ಸಿಹಿ, ಬೀಜ ಗಟ್ಟಿ. ಬೀಜ ಲದ್ದಿಯಲ್ಲಿ ಹೊರಬಂದು ಇನ್ನೆಲ್ಲೋ ಮೊಳೆಯುತ್ತದೆ. (ಬದುವಿನ ತುಂಬಾ ಜಾಲಿ ಹಬ್ಬಿದ್ದಕ್ಕೆ ಕತ್ತೆಯನ್ನಷ್ಟೇ ಬೈಬೇಡಿ, ಕುರಿ-ಮೇಕೆಗಳದ್ದೂ ಪಾಲಿದೆ.)

ಗುಟ್ಟು ಇರೋದು ಹೊಟ್ಟೆಯಲ್ಲಿ. ದನ ಮೆಲುಕು ಹಾಕುತ್ತೆ, ಒರಟು ಮೇವು ನುಣ್ಣಗಾಗುವ ತನಕ ಹೊಟ್ಟೆಯಲ್ಲೇ ಕೂತಿರುತ್ತೆ, ಅಲ್ಲಿ ಜಾಗ ಖಾಲಿಯಾಗದೆ ಹೆಚ್ಚು ತಿನ್ನಲೂ ಆಗಲ್ಲ. ಕತ್ತೆಗೆ ಮೆಲುಕಿಲ್ಲ. ನಾರು ಕೊಳೆತು ಸತ್ವ ಬಿಡೋದು ಹಿಂದಿನ ದೊಡ್ಡ ಕರುಳಲ್ಲಿ. ಹಾಗಾಗಿ ಮೇವು ಬೇಗ ಮುಂದೆ ಸಾಗುತ್ತೆ, ಸತ್ವ ಕಮ್ಮಿ ಇದ್ದರೆ ಜಾಸ್ತಿ ತಿಂದು ಸರಿದೂಗಿಸಿಕೊಳ್ಳುತ್ತೆ. ದನಕ್ಕೆ ಮೇಲೆ ಮುಂದಿನ ಹಲ್ಲೇ ಇಲ್ಲ, ಕತ್ತೆಗೆ ಎರಡೂ ಕಡೆ ಇವೆ, ತೊಗಟೆ ಸುಲಿಯೋದು ಸುಲಭ.

ಆಸ್ಟ್ರೇಲಿಯಾಕ್ಕೆ 1866ರಲ್ಲಿ ಹೊರೆ ಹೊರಲು ಕತ್ತೆ ತಂದರು, ಲಾರಿ ಬಂದ ಮೇಲೆ ಸುಮ್ನೆ ಬಿಟ್ಟರು. ಈಗ ಅಲ್ಲಿನ ಒಣ ಸೀಮೆಯಲ್ಲಿ ಅವುಗಳ ಹಿಂಡುಗಳೇ ಇವೆ, ಮೇವಿಗಾಗಿ ದನಗಳ ಜೊತೆ ಪೈಪೋಟಿ. ಅಮೆರಿಕದ ಮರುಭೂಮಿಯಲ್ಲಂತೂ ಕತ್ತೆಗಳು ಒಣಗಿದ ಹಳ್ಳದ ಮರಳನ್ನು ಗೊರಸಿನಿಂದ ತೋಡಿ ನೀರು ತೆಗೆಯುತ್ತವೆ, ಎರಡು ಮೀಟರ್‌ವರೆಗೂ. ಆ ಗುಂಡಿಗೆ ಬೇರೆ ಪ್ರಾಣಿಗಳೂ ಬರುತ್ತವೆ ಅಂತ 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತೆ. ನಮ್ಮಲ್ಲಿ ಹಳ್ಳದಲ್ಲಿ ಒರತೆ ತೋಡಲ್ವಾ, ಅದೇ ಕೆಲಸ.

ನಿಮ್ಮೂರಲ್ಲಿ ಒಡೆಯನಿಲ್ಲದ ಕತ್ತೆ ಕಂಡರೆ ಕನಿಕರ ಅಂತ ಅನ್ನ, ಬ್ರೆಡ್ ಹಾಕ್ಬೇಡಿ. ಒಣ ನಾರಿಗೆ ಒಗ್ಗಿದ ಕರುಳು, ಹಿಟ್ಟಿನ ಪದಾರ್ಥ ಜಾಸ್ತಿಯಾದರೆ ಹೊಟ್ಟೆ ಕೆಡುತ್ತೆ, ಗೊರಸೂ ನೋಯುತ್ತೆ. ಒಂದು ಹಿಡಿ ಜೋಳದ ಸಪ್ಪೆ, ಒಂದು ಬಕೆಟ್ ನೀರು ಇಡಿ, ಸಾಕು.